ನಾಲ್ಕು ಗಂಟೆಯ ಎಮ್ಮೆಗಳು

ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಅಷ್ಟೂ ವರ್ಷ ಸಿಗದ ಒಳ್ಳೆಯ ವಿದ್ಯಾರ್ಥಿ ನನಗೆ ಕೊನೆಗೆ ಜೈಲಿನಲ್ಲಿ ಸಿಕ್ಕ.

ಹಾಗಂತ ಮೂರು ವಾರ ನಂಬಿದ್ದೆ.

ನಾನು ಜೈಲಿಗೆ ಯಾಕೆ ಹೋದೆ ಅಂತ ಗಾಬರಿಯಾಗಬೇಡಿ. ರಿಟೈರ್ ಆದ ಮೇಲೆ ಜೇವರ್ಗಿಯ ಮನೆಯಲ್ಲಿ ಕೂತು ಸೊಸೆಯ ಒಗ್ಗರಣೆಗೆ ಹೆಸರಿಡುತ್ತಿದ್ದೆ. ಜೈಲಿನಲ್ಲಿ ಅಕ್ಷರ ಕಲಿಸಲು ಯಾರಾದರೂ ಬೇಕಂತೆ ಎಂಬ ಸುದ್ದಿ ಬಂತು. ಮನೆಯವರೆಲ್ಲ ಒಂದೇ ಉಸಿರಿಗೆ "ಹೋಗಿ ಬರ್ರಿ" ಅಂದರು. (ಇಷ್ಟು ಒಗ್ಗಟ್ಟು ನಮ್ಮ ಮನೆಯಲ್ಲಿ ಹಿಂದೆಂದೂ ಕಂಡಿರಲಿಲ್ಲ.) ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಯಾವ ಜೈಲು ಅಂತ ಮಾತ್ರ ಕೇಳಬೇಡಿ.

ಒಂದು ಬೇವಿನ ಮರ, ಒಂದು ಕರಿಹಲಗೆ, ಹದಿನಾಲ್ಕು ಮಂದಿ ಗಂಡಸರು. ಎಲ್ಲರಿಗಿಂತ ಮುಂದೆ ಕೂರುವವನು ಚಂದಪ್ಪ. ಹೆಸರು ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಅಫಜಲಪುರ ತಾಲೂಕಿನ ಗೊಬ್ಬೂರ ಕಡೆಯವನು. ಅಗಲ ಮುಖ, ಅದಕ್ಕಿಂತ ಅಗಲ ನಗು.

"ತಿಳೀತೇನಪ್ಪಾ?"

"ಹೌದ್ರಿ!"

"ಬರೀತಿಯೇನು?"

"ಹೌದ್ರಿ!"

ಮೇಷ್ಟ್ರುಗಳಿಗೆ ಇನ್ನೇನು ಬೇಕು ಹೇಳಿ? ಹಿಂದೆ ಕೂತು ಆಕಳಿಸುವವರಿಗೆಲ್ಲ "ಚಂದಪ್ಪನ್ನ ನೋಡಿ ಕಲೀರಿ" ಅಂತ ಬೈಯುತ್ತಿದ್ದೆ. ಅವರು ಮುಖ ಮುಖ ನೋಡಿಕೊಂಡು ಸುಮ್ಮನಾಗುತ್ತಿದ್ದರು. ನನ್ನ ಬೈಗುಳಕ್ಕೆ ಹೆದರಿದ್ದಾರೆ ಅಂದುಕೊಂಡೆ.

ನಾಲ್ಕನೇ ಶನಿವಾರ ಎಲ್ಲರ ಸ್ಲೇಟು ನೋಡುತ್ತಾ ಬಂದೆ. ಚಂದಪ್ಪನ ಸ್ಲೇಟಿನಲ್ಲಿ ಅಕ್ಷರವೇ ಇಲ್ಲ. ಈ ತುದಿಯಿಂದ ಆ ತುದಿಗೆ ಸೊಟ್ಟಗೆ ಹರಿದ ಒಂದೇ ಒಂದು ಗೆರೆ.

"ಇದೇನಪ್ಪಾ, 'ಅ' ಏನು?"

"ಹೌದ್ರಿ."

"'ಆ' ಏನು?"

"ಹೌದ್ರಿ."

ನನಗೆ ರೇಗಿತು. ನನ್ನ ಸಿಟ್ಟು ಈ ಅಂಕಣ ಓದುವವರಿಗೆ ಹೊಸದಲ್ಲ. "ಹಂಗಾದ್ರ ನಿನಗ ರೆಕ್ಕಿ ಅದಾವೇನು?"

"ಹೌದ್ರಿ."

"ನಿನ್ನಿ ಚಂದ್ರನ ಮ್ಯಾಗ ಹೋಗಿ ಬಂದಿಯೇನು?"

"ಹೌದ್ರಿ!"

ಮರದ ಕೆಳಗೆ ಕೂತವರೆಲ್ಲ ಹೋ ಅಂತ ನಕ್ಕರು. ಚಂದಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು. ಅವನ ಕಣ್ಣುಗಳು ನನ್ನ ಮುಖವನ್ನೇ ನೋಡುತ್ತಿದ್ದವು, ಸರಿ ಹೇಳಿದೆನೋ ಇಲ್ಲವೋ ಅಂತ. ಪ್ರಶ್ನೆ ಅವನಿಗೆ ಮುಟ್ಟಿಯೇ ಇರಲಿಲ್ಲ. ಮೂರು ವಾರದಿಂದ ಒಂದೂ ಮುಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ನಾಲ್ಕರ ಗಂಟೆ ಬಾರಿಸಿದರು. ಚಂದಪ್ಪ ಸ್ಲೇಟು ಪಕ್ಕಕ್ಕಿಟ್ಟ. ಎದ್ದ. ದೊಡ್ಡ ಬಾಗಿಲ ಕಡೆ ಮುಖ ಮಾಡಿ ನಿಂತ. ಹಿಂದಿನ ಶನಿವಾರಗಳಲ್ಲೂ ಹೀಗೆ ಎದ್ದಿದ್ದ, ಕಾಲು ಜೋಮು ಹಿಡಿದಿರಬೇಕು ಅಂತ ನಾನು ಗಮನ ಕೊಟ್ಟಿರಲಿಲ್ಲ.

"ನೀರಿನ ಹೊತ್ತಾತ್ರಿ" ಅಂದ.

"ದಿನಾ ಹಿಂಗೇ ಮಾಡ್ತಾನ್ರಿ ಟೀಚರ್" ಅಂದ ಹಿಂದಿನವನೊಬ್ಬ. "ನಾಕಕ್ಕ ಎದ್ದು ನಿಂದ್ರತಾನ. ಅರ್ಧಾ ತಾಸು ಬಿಟ್ಟು ತಾನೇ ಕುಂದರ್ತಾನ."

ಯೋಚನೆ ಮಾಡದೆ ಕೇಳಿದೆ: "ಯಾರ ನೀರಪ್ಪಾ? ಏನದು, ಹೇಳು."

'ಹೌದ್ರಿ', 'ನೀರಿನ ಹೊತ್ತಾತ್ರಿ' ಬಿಟ್ಟು ಬೇರೆ ಮಾತು ಅವನ ಬಾಯಿಂದ ಹೊರಟಿದ್ದು ಆಗ.

"ಎಮ್ಮಿಗೋಳ್ದುರಿ. ಗೌಡರ ಮನಿಯವು ಎರಡು. ಕಾಶವ್ವನ ಮನಿದು ಬೋಳಿ, ಅದಕ್ಕ ಕ್ವಾಡ ಇಲ್ಲ. ಗಿರಣಿ ಬಾಜೂಕಿನ ಮನಿದು ಒಂದು ಹರೇದ್ದು ಅದ, ಮುಂದ ಮುಂದ ಓಡ್ತದ. ಮುದುಕಿ ಎಮ್ಮಿ ಸಾವಕಾಶ ಬರ್ತದ, ಅದಕ್ಕ ನಾ ನಿಂದ್ರಬೇಕು. ಎಲ್ಲಾ ಹಳ್ಳಕ್ಕ ಹೋಗ್ತಾವ್ರಿ." ಸ್ಲೇಟು ಎತ್ತಿ ತೋರಿಸಿದ. "ಇದೇ ಹಳ್ಳ."

ನಾನು ಅಕ್ಷರ ಹುಡುಕುತ್ತಿದ್ದ ಕಡೆ ಅವನು ಮೂರು ವಾರದಿಂದ ಹಳ್ಳ ಬರೆಯುತ್ತಿದ್ದ.

ಆಮೇಲೆ ಅವನ ಅಕ್ಕ ರತ್ನಾಬಾಯಿ ಹೇಳಿದ್ದು, ವಕೀಲರು ಹೇಳಿದ್ದು, ಚಂದಪ್ಪ ತುಂಡು ತುಂಡಾಗಿ ಹೇಳಿದ್ದು ಎಲ್ಲ ಸೇರಿಸಿದರೆ ಕಥೆ ಇಷ್ಟು. ಊರಿನವರು ಅವನನ್ನು "ಭೋಳೇ ಮನಷ್ಯಾ" ಅನ್ನುತ್ತಾರೆ. ಹುಚ್ಚಲ್ಲ. ಬುದ್ಧಿ ಒಂದು ವಯಸ್ಸಿಗೆ ನಿಂತು ಸುತ್ತಮುತ್ತ ನೋಡುತ್ತಾ ಅಲ್ಲೇ ಉಳಿದಿದೆ, ಅಷ್ಟೇ. ಹತ್ತು ವರ್ಷದವನಿದ್ದಾಗಿನಿಂದ ಅವನದು ಒಂದೇ ಕೆಲಸ. ಮಧ್ಯಾಹ್ನ ನಾಲ್ಕಕ್ಕೆ ಓಣಿಗೆ ಇಳಿಯುತ್ತಾನೆ. ಒಂದೊಂದೇ ಮನೆಯ ಅಂಗಳಕ್ಕೆ ಹೋಗಿ ಎಮ್ಮೆಯ ಹಗ್ಗ ಬಿಚ್ಚುತ್ತಾನೆ. ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ನೀರು ಕುಡಿಸಿ, ಮೈ ತೊಳೆದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಅದೇ ಗೂಟಕ್ಕೆ ಕಟ್ಟುತ್ತಾನೆ. ಮನೆಗೊಂದು ಜೋಳದ ರೊಟ್ಟಿ. ಬಿಚ್ಚಲೇ ಅಂತ ಅವನು ಯಾರನ್ನೂ ಕೇಳಿದ್ದಿಲ್ಲ. ಕೇಳಬೇಕು ಅಂತ ಯಾರೂ ಹೇಳಿದ್ದಿಲ್ಲ. ಮನೆಯಲ್ಲಿ ಜನ ಇಲ್ಲದಿದ್ದರೂ ಎಮ್ಮೆ ಇದ್ದರೆ ಸಾಕು.

ಅಕ್ಕನನ್ನು ಕೊಟ್ಟಿದ್ದು ಅತನೂರಿಗೆ. ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಚಂದಪ್ಪನೂ ಹೋದ. ಹೋಳಿಗೆ ಊಟವಾಯಿತು. ಹೆಂಗಸರು ಜೋಗುಳ ಹಾಡುತ್ತಿದ್ದರು. ನಾಲ್ಕಾಯಿತು. ಅವನ ಮೈಗೆ ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ, ಊರು ಯಾವುದಾದರೇನು? ಎದ್ದು ಓಣಿಗೆ ಇಳಿದ. ದೊಡ್ಡ ಮನೆಯೊಂದರ ಮುಂದೆ ಬಿಸಿಲಲ್ಲಿ ಒಂದು ಎಮ್ಮೆ. ಮುಂದಿನ ಬಾನಿಯಲ್ಲಿ ನೀರಿಲ್ಲ. ಬಿಚ್ಚಿದ.

"ನನಗ ಅಲ್ಲಿ ಹಾದಿ ಗೊತ್ತಿರಲಿಲ್ರಿ ಟೀಚರ್" ಅಂದಿದ್ದ. "ಎಮ್ಮಿಗಿ ಗೊತ್ತಿತ್ತು. ಅದರ ಹಿಂದ ಹೋದೆ."

ಊರ ಹೊರಗೆ, ಪರ ಊರಿನವನು, ಸಾಹುಕಾರ ಗುರುಲಿಂಗಪ್ಪನ ಎಮ್ಮೆಯ ಹಿಂದೆ ಹೊರಟಿದ್ದಾನೆ. ನೋಡಿದವರು ಏನಂದುಕೊಳ್ಳುತ್ತಾರೆ? ಆ ವರ್ಷ ಊರಿನಲ್ಲಿ ಎರಡು ಎಮ್ಮೆ ಕಳುವಾಗಿದ್ದವು ಬೇರೆ. ಹಿಡಿದರು, ಹೊಡೆದರು, ಪೊಲೀಸರಿಗೆ ಒಪ್ಪಿಸಿದರು. ಆ ಗದ್ದಲದಲ್ಲಿ ಎಮ್ಮೆ ತಾನೇ ಹೋಗಿ ನೀರು ಕುಡಿದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ನಿಂತಿತ್ತು.

ಚಂದಪ್ಪ ಬರಲಿಲ್ಲ.

"ಎಮ್ಮಿ ಬಿಚ್ಚಿದಿ ಏನಲೇ?" ಹೌದ್ರಿ. "ಹೊಡಕೊಂಡು ಹೊಂಟಿದ್ದಿ ಏನಲೇ?" ಹೌದ್ರಿ. ಇವೆರಡೂ ಖರೆ. "ಮಾರಾಕೇನಲೇ?" ಹೌದ್ರಿ. "ಹಿಂದಿನ ಎರಡೂ ನೀನೇ ಏನಲೇ?" ಹೌದ್ರಿ. ಚಂದ್ರನ ಮೇಲಿಂದ ಕದ್ದೆಯಾ ಅಂದಿದ್ದರೂ ಹೌದ್ರಿ ಅನ್ನುತ್ತಿದ್ದ. ಅದಕ್ಕೆ ನಾನೇ ಸಾಕ್ಷಿ.

ಆ ನಾಲ್ಕನೇ ಶನಿವಾರ ಬಸ್ಸಿನಲ್ಲಿ ವಾಪಸು ಬರುವಾಗ ಭೀಮೆಯ ಸೇತುವೆ ಬರುವ ಮೊದಲೇ ನನಗೆ ಜೊಂಪು ಹತ್ತಿತು. (ನನ್ನ ಬಸ್ಸಿನ ನಿದ್ದೆಯ ಬಗ್ಗೆ ಹಿಂದೊಮ್ಮೆ ಬರೆದಿದ್ದೆ. ಅಫಜಲಪುರದಲ್ಲಿ ಇಳಿಯಬೇಕಾದವಳು ಘಾಣಗಾಪುರದಲ್ಲಿ ಎದ್ದಿದ್ದೆ.) ಕಣ್ಣು ಮುಚ್ಚಿದರೆ ಜೈಲಿನ ದೊಡ್ಡ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಎಮ್ಮೆಗಳು ಒಂದೊಂದಾಗಿ ಒಳಗೆ ಬಂದವು. ಮೊದಲು ಹರೆಯದ್ದು, ಆಮೇಲೆ ಗೌಡರ ಮನೆಯವು, ಕೋಡಿಲ್ಲದ ಬೋಳಿ, ಎಲ್ಲಕ್ಕೂ ಹಿಂದೆ ಮುದುಕಿ. ಕಾವಲಿನವರು ದಾರಿ ಬಿಟ್ಟರು. ಬೇವಿನ ಮರದ ಬುಡದಲ್ಲಿ ಸ್ಲೇಟಿನ ಗೆರೆ ನಿಜವಾಗಿಯೂ ಹರಿಯುತ್ತಿತ್ತು. ಎಮ್ಮೆಗಳು ಮೂತಿ ಇಟ್ಟು ಕುಡಿದವು. ನನ್ನ ಹದಿನಾಲ್ಕು ವಿದ್ಯಾರ್ಥಿಗಳು ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದರು. ಕಂಡಕ್ಟರ್ ಭುಜ ಅಲ್ಲಾಡಿಸಿದಾಗ ತೊಗರಿ ಹೊಲದ ಮೇಲೆ ಹೊತ್ತು ಇಳಿಯುತ್ತಿತ್ತು. ಎಷ್ಟೋ ಹೊತ್ತು ನನ್ನ ಕಾಲು ಒದ್ದೆಯಾಗಿದೆ ಅನ್ನಿಸುತ್ತಲೇ ಇತ್ತು.

ಮರುವಾರ ಚಂದಪ್ಪನ ವಕೀಲರನ್ನು ಹುಡುಕಿದೆ. ಆಳಂದದ ಕಡೆಯ ಪ್ರಕಾಶ, ಸರ್ಕಾರದಿಂದ ಪುಕ್ಕಟೆ ಕೊಟ್ಟ ವಕೀಲ. ಒಳ್ಳೆಯ ಮನುಷ್ಯ. ಕೈಯಲ್ಲಿ ಫೈಲುಗಳ ರಾಶಿ.

"ಜಾಮೀನು ಆಗಿ ಏಳು ತಿಂಗಳಾತ್ರಿ ಟೀಚರ್" ಅಂದರು. "ಹೊಲದ ಪಹಣಿ ಇದ್ದವರು ಒಬ್ರು ಬಂದು ನಿಂದ್ರಬೇಕು. ಅವನ ಅಕ್ಕ ಬ್ಯಾರೇ ಮಂದಿ ಹೊಲದಾಗ ಕಳೆ ತೆಗಿಯಾಕಿ. ಪಹಣಿ ಎಲ್ಲಿಂದ ತರ್ತಾಳ?"

"ಅವನ ಬುದ್ಧಿ ವಿಚಾರ ಕೋರ್ಟಿಗೆ ಹೇಳೀರೇನು?"

"ಪರೀಕ್ಷೆ ಮಾಡಸ್ರಿ ಅಂತ ಅರ್ಜಿ ಹಾಕೇನಿ. ಅದರ ಕಾಗದ ಇನ್ನಾ ಸುತ್ತಾಡಾಕತ್ತದ. ಮುಂದಿನ ತಿಂಗಳು ಜಡ್ಜ್ ಸಾಹೇಬ್ರು ಆರೋಪ ಓದ್ತಾರ. ಒಪ್ಪಿಕೊಳ್ತೀಯೇನು ಅಂತ ಕೇಳ್ತಾರ. ಇಂವ ಹೌದ್ರಿ ಅಂದ್ರ ಮುಗೀತು. ಅವನ ಬಾಯಿಲೇ ಅವನಿಗಿ ಶಿಕ್ಷೆ." ಫೈಲು ಮುಚ್ಚಿದರು. "ನೀವು ಟೀಚರ್ ಅದೀರಿ. ಒಂದು ಮಾತು ಕಲಸ್ರಿ ಸಾಕು. 'ಇಲ್ರಿ' ಅನ್ನೂದು."

ಒಂದೇ ಮಾತು! ಕಾಗುಣಿತ ಕಲಿಸಿದವಳಿಗೆ ಇದೇನು ದೊಡ್ಡದು ಅಂತ ಸೆರಗು ಕಟ್ಟಿದೆ.

ಎರಡು ಶನಿವಾರ ಕಲಿಸಿ ಕಲಿಸಿ ಕೈಚೆಲ್ಲಿ ಕೂತೆ. ಬೇರೆ ಎಲ್ಲ ಹೇಳುತ್ತಾನೆ, 'ಇಲ್ರಿ' ಮಾತ್ರ ಹೇಳುವುದಿಲ್ಲ. ತುಟಿ ಬಿಗಿದುಕೊಳ್ಳುತ್ತಾನೆ. ಕೊನೆಗೆ ಯಾಕೋ ಅಂತ ಕೇಳಿದೆ.

"ಇಲ್ಲ ಅಂದ್ರ ಹೊಡೀತಾರ್ರಿ" ಅಂದ. "ಅವ್ವ ಹೇಳ್ಯಾಳ. ದೊಡ್ಡವರು ಕೇಳಿದ್ರ ಹೌದ್ರಿ ಅನಬೇಕು. ಹೊಡ್ಯಾಂಗಿಲ್ಲ."

ಆ ತಾಯಿ ಸತ್ತು ಎಷ್ಟೋ ವರ್ಷವಾಗಿದೆ. ಮಗನಿಗೆ ಆಸ್ತಿ ಅಂತ ಬಿಟ್ಟುಹೋಗಿದ್ದು ಇದೊಂದು ಮಾತು. ನಾನು ಅದನ್ನೂ ಕಿತ್ತುಕೊಳ್ಳಲು ಕೂತಿದ್ದೆ.

ಉಳಿದ ಹದಿಮೂರು ಮಂದಿ ನೆರವಿಗೆ ಬಂದರು. ಒಬ್ಬ ಹೆಗಲ ಮೇಲೆ ಕರಿ ಕಂಬಳಿ ಹೊದ್ದು ಜಡ್ಜ್ ಆದ. ಇನ್ನೊಬ್ಬ ಪೊಲೀಸ್. (ಇಬ್ಬರೂ ನೋಡಿ ನೋಡಿ ಪಳಗಿದವರು, ಪಾರ್ಟು ಚೆನ್ನಾಗಿಯೇ ಮಾಡಿದರು.) ಚಂದಪ್ಪ 'ಇಲ್ರಿ' ಅಂದರೆ ಎಲ್ಲರೂ ಚಪ್ಪಾಳೆ. ಯಾರೂ ಹೊಡೆಯುವುದಿಲ್ಲ ಅಂತ ಅವನಿಗೆ ನಂಬಿಕೆ ಬರಲು ಇನ್ನೂ ಒಂದು ಶನಿವಾರ ಬೇಕಾಯಿತು. ಆಮೇಲೆ ಬಂತು ನೋಡಿ. ತಪ್ಪು ಮಾಡಿದಿಯೇನು? ಇಲ್ರಿ! ಎಮ್ಮಿ ಕದ್ದಿಯೇನು? ಇಲ್ರಿ! ನಾನು ಬೀಗಿದೆ. ಮನೆಗೆ ಹೋಗಿ ಸೊಸೆಯ ಒಗ್ಗರಣೆಯನ್ನೂ ಹೊಗಳಿದೆ.

ಮರುವಾರ ರತ್ನಾಬಾಯಿ ಭೇಟಿಗೆ ಬಂದಿದ್ದಳು. ಅತನೂರಿನಿಂದ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು. ಜಾಲರಿಯ ಆಚೆ ತಮ್ಮ ನಿಂತಿದ್ದಾನೆ, ಈಚೆ ಅವಳ ಪಕ್ಕದಲ್ಲಿ ನಾನು.

"ಚಂದೂ, ಉಂಡಿಯೇನು?"

"ಇಲ್ರಿ."

"ಆರಾಮ ಇದ್ದಿಯೇನು?"

"ಇಲ್ರಿ."

ಅವಳು ಜಾಲರಿ ಹಿಡಿದುಕೊಂಡಳು. "ಮನಿಗಿ ಬರ್ತಿ ಹೌದಿಲ್ಲೋ?"

"ಇಲ್ರಿ!" ಅಂದು ಚಪ್ಪಾಳೆಗಾಗಿ ನನ್ನ ಕಡೆ ತಿರುಗಿ ನಕ್ಕ.

ರತ್ನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಏನ್ ಮಾಡೀರಿ ಟೀಚರ್ ನನ್ನ ತಮ್ಮಗ?"

ಏನು ಮಾಡಿದ್ದೆ? ಒಂದು ಗಿಣಿಪಾಠ ಅಳಿಸಿ ಇನ್ನೊಂದು ಗಿಣಿಪಾಠ ಬರೆದಿದ್ದೆ. ಅಷ್ಟೇ ನನಗೆ ಬರುವುದು. ಸರಸಂಬಾದಲ್ಲಿ ನನ್ನ ಮೊದಲ ನೌಕರಿ. ಮೂರನೇ ಕ್ಲಾಸಿನ ಹಿಂದಿನ ಸಾಲಿನಲ್ಲಿ ಶಾಂತಾ ಅಂತ ಒಂದು ಹುಡುಗಿ. ತಿಳೀತೇನು ಅಂದರೆ ಎಲ್ಲರಿಗಿಂತ ಜೋರಾಗಿ "ಹೌದ್ರೀ ಟೀಚರ್" ಅನ್ನುತ್ತಿದ್ದಳು. ಎರಡು ವರ್ಷ ಅವಳಿಗೆ ಒಂದು ಅಕ್ಷರವೂ ಬರಲಿಲ್ಲ ಅನ್ನುವುದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ "ದಡ್ಡಿ" ಅಂದು ಮುಂದೆ ಹೋದೆ. ಈಗ ಅವಳು ಎಲ್ಲಿದ್ದಾಳೆ? ಯಾರು ಏನು ಕೇಳಿದರೆ ಹೌದ್ರಿ ಅನ್ನುತ್ತಿದ್ದಾಳೆ? ಎಷ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ?

ಜೈಲಿನಲ್ಲಿ ಗಲಾಟೆ ಮಾಡುವವನ ಹೆಸರು ಎಲ್ಲರಿಗೂ ಗೊತ್ತು. ಹೌದ್ರಿ ಅನ್ನುವವನನ್ನು ಯಾರು ಗುರುತು ಹಿಡಿಯುತ್ತಾರೆ? ಇಂಥವರಿಗಾಗಿ ಕಾನೂನಿನಲ್ಲಿ ದಾರಿ ಇದೆ ಅಂತ ಪ್ರಕಾಶ ಹೇಳುತ್ತಾರೆ. ಇರಬಹುದು. ಆದರೆ ಯಾರಾದರೂ ಮೊದಲು ಗಮನಿಸಬೇಕಲ್ಲ? ಇವನಂಥವರು ಒಳಗೆ ಇನ್ನೆಷ್ಟು ಮಂದಿ ಇದ್ದಾರೆ ಅಂತ ಕೇಳಿದೆ. ನಾನು ಕೇಳಿದ ಯಾರಿಗೂ ಗೊತ್ತಿರಲಿಲ್ಲ.

ಅತನೂರಿಗೆ ಹೋಗಿ, ರತ್ನಾಬಾಯಿಯನ್ನು ಕರೆದುಕೊಂಡು ಆ ಗುರುಲಿಂಗಪ್ಪನ ಮನೆಗೇ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ವಿಭೂತಿ ಹಚ್ಚಿಕೊಂಡ ಸಣಕಲು ಮುದುಕ, ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದ. ನಾನು ವಿಷಯ ಹೇಳಿದೆ. ಅವನ ಕೈಯಲ್ಲಿನ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ಆ ಮನಷ್ಯಾ ಇನ್ನಾ ಒಳಗ ಇದ್ದಾನೇನ್ರಿ? ನಮ್ಮ ಎಮ್ಮಿ ಅವತ್ತೇ ಬಂತಲ್ರಿ!"

"ಮತ್ತ ಇವನೇ ಕಳ್ಳ ಅಂತ ಹೇಳಿದ್ರಿ?"

"ನಾ ಎಲ್ಲಿ ಹೇಳೇನ್ರಿ? ಇವನೇ ಏನ್ರಿ ಅಂತ ಪೊಲೀಸ್ ಸಾಹೇಬ್ರು ಕೇಳಿದ್ರು. ಹೌದ್ರಿ ಅಂದೆ. ದೊಡ್ಡವರ ಮುಂದ ಇನ್ನೇನು ಅನ್ನೂದ್ರಿ?"

ಜಗಳ ಬಿಟ್ಟು ಚಹಾ ಕುಡಿದೆ. ಪ್ರತಿ ಶನಿವಾರ ಹೊರಡುವಾಗ ಜೈಲಿನವರು "ಕ್ಲಾಸ್ ಎಲ್ಲಾ ಛಲೋ ನಡದದ ಅಲ್ರಿ ಟೀಚರ್?" ಅನ್ನುತ್ತಾರೆ. "ಹೌದ್ರಿ" ಅಂದು ಸಹಿ ಹಾಕಿ ಬರುವವಳು ನಾನು.

ಕೋರ್ಟಿನ ದಿನ ಬೆಳಿಗ್ಗೆಯಿಂದ ಕಾದೆವು. ನಾನು ಚಂದಪ್ಪನಿಗೆ ಯಾವ ಪಾಠವನ್ನೂ ಹೇಳಿಕೊಡಲಿಲ್ಲ. ಧೈರ್ಯ ಉಳಿದಿರಲಿಲ್ಲ. ಊಟದ ನಂತರವೂ ಕೂಗಲಿಲ್ಲ. ಫ್ಯಾನು ಗೊರಗೊರ ತಿರುಗುತ್ತಿತ್ತು, ವಕೀಲರ ಮಾತು ದೂರದಲ್ಲೆಲ್ಲೋ ಕೇಳಿದಂತೆ ಕೇಳುತ್ತಿತ್ತು, ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಆ ಬಿಸಿಲು ಗೋಡೆ ಮುಟ್ಟುವ ಹೊತ್ತಿಗೆ ಅವನ ಹೆಸರು ಕೂಗಿದರು.

ನ್ಯಾಯಾಧೀಶರು ತಲೆ ಎತ್ತದೆ ಓದಿದರು. ದಣಿದ ದನಿ. ಓದಿ ಮುಗಿಸಿ ಕೇಳಿದರು: "ಆರೋಪ ಒಪ್ಪಿಕೊಳ್ತೀಯಾ?"

ಚಂದಪ್ಪ ನನ್ನ ಕಡೆ ನೋಡಿದ. "ಹೌ..." ಅಂದ. ನಿಂತ. "ಇ..." ಅಂದ. ಮತ್ತೆ ನಿಂತ. ಅವ್ವನ ಮಾತು ಒಂದು ಕಡೆ, ಟೀಚರ್ ಮಾತು ಒಂದು ಕಡೆ. ಅಂಥ ಸಂಕಟ ಒಬ್ಬ ಮನುಷ್ಯನ ಮುಖದ ಮೇಲೆ ನಾನು ಕಂಡಿಲ್ಲ. ಅದರಲ್ಲಿ ಅರ್ಧ ನಾನು ಕೊಟ್ಟಿದ್ದು. ರತ್ನಾಬಾಯಿ ನನ್ನ ಮುಂಗೈ ಹಿಡಿದುಕೊಂಡಳು.

ಹೊರಗೆ ಎಲ್ಲೋ ಗಡಿಯಾರ ನಾಲ್ಕು ಹೊಡೆಯಿತು.

ಚಂದಪ್ಪನ ಮುಖ ಸಡಿಲಾಯಿತು. ನ್ಯಾಯಾಧೀಶರಿಗೆ ಬೆನ್ನು ಹಾಕಿ ಬಾಗಿಲ ಕಡೆ ತಿರುಗಿದ. "ನೀರಿನ ಹೊತ್ತಾತ್ರಿ" ಅಂದ.

ಪೊಲೀಸರು ರಟ್ಟೆ ಹಿಡಿದು ತಿರುಗಿಸಿದರು. ಪ್ರಕಾಶ ಎದ್ದು ಅರ್ಜಿಯ ಮಾತು ತೆಗೆದರು. ನ್ಯಾಯಾಧೀಶರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಮೊದಲ ಸಲ ಅವನ ಮುಖ ನೋಡಿದರು.

"ಏನು ನೀರಪ್ಪ? ಹೇಳು."

ಹೇಳಿದ. ಗೌಡರ ಮನೆಯ ಎರಡು, ಬೋಳಿ, ಹರೆಯದ್ದು, ಮುದುಕಿ. ಅತನೂರಿನ ಒಣಗಿದ ಬಾನಿ. ಹಾದಿ ಗೊತ್ತಿದ್ದ ಎಮ್ಮೆ. ಟೈಪ್ ಮಾಡುತ್ತಿದ್ದಾಕೆ ಬೆರಳು ಎತ್ತಿ ಕೂತುಬಿಟ್ಟಳು. ನನಗೆ ಮತ್ತೆ ಕಾಲು ಒದ್ದೆಯಾದ ಹಾಗೆ ಅನ್ನಿಸಿತು. ಈ ಸಲ ಎಚ್ಚರವಾಗಿಯೇ ಇದ್ದೆ.

ಕೇಸು ಮುಗಿದಿಲ್ಲ, ಹಾಗಂದುಕೊಳ್ಳಬೇಡಿ. ಒಪ್ಪಿಕೊಳ್ತೀಯಾ ಅನ್ನುವ ಪ್ರಶ್ನೆ ಬದಿಗಿಟ್ಟು ಮೊದಲು ಡಾಕ್ಟರ ಪರೀಕ್ಷೆ ಆಗಲಿ ಅಂದರು. ಅಲ್ಲಿಯವರೆಗೆ ಪಹಣಿ ಬೇಡ, ಅಕ್ಕ ಜವಾಬ್ದಾರಿ ಹೊತ್ತರೆ ಸಾಕು, ಮನೆಗೆ ಹೋಗಲಿ ಅಂದರು. ಒಂದು ವರ್ಷದ ಮೇಲೆ ಮೂರು ತಿಂಗಳು ಒಳಗಿದ್ದ ಮನುಷ್ಯ. ಹೊರಗೆ ಬರಲು ಬೇಕಾಗಿದ್ದು ಯಾರಾದರೊಬ್ಬರು 'ಹೇಳು' ಅನ್ನುವುದು.

ಹೋದ ಶುಕ್ರವಾರ ಬಿಟ್ಟರು. ರತ್ನಾಬಾಯಿ ಹೊಸ ಅಂಗಿ ತಂದಿದ್ದಳು. ಕಾಗದಪತ್ರ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಸಣ್ಣ ಬಾಗಿಲಿನಿಂದ ಬಗ್ಗಿ ಹೊರಗೆ ಬಂದ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ನಕ್ಕ. ಒಳಗೆ ಗಂಟೆ ಬಾರಿಸಿದರು. ನಾಲ್ಕು.

ರಸ್ತೆಯ ಆಚೆ ಚಹಾದ ಅಂಗಡಿ. ಅದರ ಪಕ್ಕದಲ್ಲಿ, ಬಿಸಿಲಲ್ಲಿ, ಯಾರದೋ ಎಮ್ಮೆ. ನೀವು ನಂಬಲಿಕ್ಕಿಲ್ಲ, ನನಗೂ ಮೊದಲು ಕನಸು ಅನ್ನಿಸಿತು. ಆದರೆ ನೊಣ ಹೊಡೆಯಲು ಬಾಲ ಬೀಸುತ್ತಿತ್ತು, ನಿಜವಾದದ್ದೇ. ಚಂದಪ್ಪ ಚೀಲ ಕೆಳಗಿಟ್ಟು ನೆಟ್ಟಗೆ ಅದರ ಹತ್ತಿರ ಹೋದ. ಬೆನ್ನು ಸವರಿದ. ಕೈ ತಾನೇ ಹಗ್ಗದ ಗಂಟಿಗೆ ಹೋಯಿತು.

ಅಲ್ಲಿ ನಿಂತಿತು.

ಹಿಂದೆ ತಿರುಗಿ ಜೈಲಿನ ಬಾಗಿಲು ನೋಡಿದ. ಅಕ್ಕನನ್ನು ನೋಡಿದ. ಆಮೇಲೆ ನನ್ನನ್ನು. ಮೂವತ್ತು ವರ್ಷ ಒಂದು ಊರಿನ ಎಮ್ಮೆಗಳನ್ನೆಲ್ಲ ಬಿಚ್ಚಿದವನು, ಯಾರನ್ನೂ ಎಂದೂ ಕೇಳದವನು, ಕೇಳಿದ:

"ಬಿಚ್ಚಲೇನ್ರಿ ಟೀಚರ್?"

ಎಮ್ಮೆಯ ಮುಂದಿನ ಬಕೆಟ್ಟಿನಲ್ಲಿ ಹನಿ ನೀರಿರಲಿಲ್ಲ. ನೀವೇ ಹೇಳಿ, ಅವನಿಗೆ ನಾನು ಹೌದು ಅನ್ನಬೇಕಿತ್ತೋ, ಇಲ್ಲ ಅನ್ನಬೇಕಿತ್ತೋ?